ರೂಪಾಯಿಗೊಂದು ಆಣೆ

ಗದಗಿನ ರೆಕಾರ್ಡ್ ರೂಮಿಗೆ ಕಿಡಕಿ ಒಂದ,
ಅದೂ ತೆರೆಯೂದಿಲ್ಲ; ಗಾಳಿ ಬಂದರ
ಹಾಳಿ ಪುಡಿಯಾಗತಾವ ಅಂತ ಶಿರಸ್ತೇದಾರರ ಹುಕುಂ.
ನನ್ನ ಕೆಲಸ ಸ್ಕ್ಯಾನ್ ಮಾಡೂದು, ತುಂಬೂದು.
ಏಜೆನ್ಸಿ ಪಗಾರ, ಕೈಗೆ ಬಿಳಿ ಗವಸು,
ಗಂಟಲದಾಗ ನೂರಾ ನಲವತ್ತು ವರ್ಷದ ಧೂಳು.

ಮೋಡಿ ಅಕ್ಷರ ನನಗ ಬರೂದಿಲ್ಲ.
ಮಂಗಳವಾರಕ್ಕೊಮ್ಮೆ ನಾಡಗೀರ ಮಾಸ್ತರು ಬರತಾರ,
ಬಳ್ಳಿ ಹಂಗ ಹೆಣಕೊಂಡ ಗೆರಿಯೊಳಗಿಂದ
ಒಂದೊಂದ ಶಬ್ದ ಬಿಡಿಸಿ ಕೊಡತಾರ, ಅವರೆಕಾಯಿ ಸುಲಿದಂಗ.
ಒಂದು ಕಪ್ ಚಾ, ಎರಡು ಖಾರಾ ಬಿಸ್ಕೀಟು, ಅಷ್ಟ ಅವರ ಫೀ.

ಇವತ್ತಿನ ಕಟ್ಟು ಲೋಕಲ್ ಫಂಡಿಂದು.
ಕಂದಾಯದ ರೂಪಾಯಿ ಮ್ಯಾಲ ಇನ್ನೊಂದು ಆಣೆ,
ಎರಡು ಪಾಲು ದಾರಿಗೆ, ಒಂದು ಪಾಲು ಸಾಲಿಗೆ.
"ನಮ್ಮೂರು ಐತೇನ್ರಿ?" ಅಂದೆ. ಇತ್ತು.
ಎರಿಮಣ್ಣೂರ, ಗೇಣು ಅಗಲದ ಪುಟ.
ಇಪ್ಪತ್ತು ವರ್ಷದ ಆಣೆ ಕೂಡಿಸಿ
ಊರಿಂದ ಗದಗ ಠೇಸನ್ನಿಗೆ ಮುರಮಿನ ರಸ್ತೆ.
ಮುಂದಿನ ಪುಟ ಬೂದಿಕೊಪ್ಪ,
ನನ್ನ ತಂಗಿ ದಾವಲಬಿಯನ್ನ ಕೊಟ್ಟ ಊರು.
ಅಲ್ಲಿಂದಲೂ ರಸ್ತೆ. ಅದೂ ಠೇಸನ್ನಿಗೇ.
ಹತ್ತಿ ಅಂಡಿಗಿ ಹೋಗೂ ದಾರಿ ಇವು,
ಅಕ್ಕ ತಂಗಿ ಹೋಗೂ ದಾರಿ ಅಲ್ಲ.

ಎರಡೂರ ನಡುವ ಒಂದು ಹಳ್ಳ, ಅರ್ಧ ಹರದಾರಿ.
ನಮ್ಮ ಮಾಳಿಗಿ ಮ್ಯಾಲ ನಿಂತರ ಅವರ ಮಸೂತಿ ಕಾಣತೈತಿ,
ಕಣ್ಣು ಕಿರಿದು ಮಾಡಿದರ ತಂಗಿ ಒಣ ಹಾಕಿದ ಕೌದೀನೂ,
ಅಂತೇನಿ ನಾನು. ನಮ್ಮವ್ವ ನಂಬೂದಿಲ್ಲ.
ಮೊಹರಮ್ಮಿನ ಚೋಂಗೆ ಕಟಗೊಂಡು ಹೊಂಟರ
ಮೊದಲು ಗದಗ, ಬಸ್‌ಸ್ಟ್ಯಾಂಡಿನ್ಯಾಗ ಒಂದು ತಾಸು,
ಮತ್ತ ಹೊಳ್ಳಿ ಅದ ಎರಿಹೊಲದ ಕಡೆ.
ಮುಟ್ಟೂದ್ರಾಗ ಚೋಂಗೆ ಚಪ್ಪಲಿ ಆಗಿರತಾವ.

ಹಳ್ಳಕ್ಕೊಂದು ಸಣ್ಣ ಸೇತುವಿ ಕೇಳಿ
ಎರಡೂರಿನ ಎಂಟು ಮಂದಿ ಹೆಬ್ಬಟ್ಟು ಒತ್ತಿದ ಅರ್ಜಿ
ಅದ ಕಟ್ಟಿನ್ಯಾಗ ಸಿಕ್ಕಿತು. ಮಗ್ಗಲಕ್ಕ ಕೆಂಪು ಮಸಿ.
ಮಾಸ್ತರು ಕನ್ನಡಕ ಒರಸಿ ಓದಿದರು:
"ಸದ್ಯಕ್ಕೆ ಶಿಲ್ಕು ಇಲ್ಲ. ಮುಂದೆ ನೋಡೋಣ."
ರೈಲು ಹಾಕಿದ ಕಂಪನಿಗೆ ಮಾತ್ರ
ಗಾಡಿ ತುಂಬಲಿ, ಖಾಲಿ ಓಡಲಿ, ಬಡ್ಡಿ ಖಾತ್ರಿ ಇತ್ತಂತ.
"ಅದಕ್ಕ ಜಾಮೀನು ಯಾರ್ರಿ?" ಅಂದೆ.
ಮಾಸ್ತರು ಪುಟ ಹೊಳ್ಳಿಸಿ
ನಮ್ಮೂರ ಹೆಸರಿನ ಮ್ಯಾಲ ಬಟ್ಟಿಟ್ಟರು.

ಇನ್ನೊಂದು ಕಟ್ಟು, ಇದಕ್ಕಿಂತ ಹಳೇದು, ಹುಳ ತಿಂದದ್ದು.
ಕಸಬಿನ ಪಟ್ಟಿ: ಮಗ್ಗ ಹನ್ನೊಂದು, ಗಾಣ ಒಂದು,
ಪಿಂಜಾರ ಬಿಲ್ಲು ಎರಡು.
ನಾವು ನದಾಫರು. ಎರಡರಾಗ ಒಂದು ನಮ್ಮದ ಇರಬೇಕು.
ಹಿಡಿದವನ ಹೆಸರಿಲ್ಲ. ಬಿಲ್ಲು ಎಣಿಸ್ಯಾರ,
ತಂತಿ ಠಂಯ್ ಅಂದಿದ್ದಕ್ಕ ಪಟ್ಟಿ ಹಾಕ್ಯಾರ.

ಸಂಜಿಕ ತುಂಬಾಕ ಕುಂತೆ. ಕಂಪ್ಯೂಟರ್ ಆಣೆ ಒಲ್ಲೆ ಅಂತು,
ರೂಪಾಯಿ ಪೈಸೆ ಅಷ್ಟ ಅದಕ ಗೊತ್ತು.
ಆಣೆಗೆ ಆರೂಕಾಲು ಪೈಸೆ; ಆರು ನುಂಗಿತು, ಕಾಲು ಉಗುಳಿತು.
ಸಾಲು ಸಾಲಿಗೂ ಕಾಲು ಪೈಸೆ.
ಸೂಪರ್‌ವೈಜರಿಗೆ ಫೋನ್ ಹಚ್ಚಿದೆ,
"ಅಷ್ಟಕ್ಕ ಏನಾಗೂದಿಲ್ಲ, ಮುಂದ ನಡಿ" ಅಂದರು.
ಲೆಕ್ಕ ಹಾಕಬಾರದು ಅಂತ ಇದ್ದೆ.
ಹಾಕಿದೆ, ಪಗಾರ ಚೀಟಿ ಹಿಂದ, ಪೆನ್ಸಿಲ್ಲಿಂದ.
ಸೇತುವಿಗೆ ಸಾಲೂದಿಲ್ಲ.

ಕಡೀ ಬಸ್ಸಿಗೆ ಊರು ಮುಟ್ಟಿದಾಗ ಕರೆಂಟ್ ಇರಲಿಲ್ಲ.
ನಾಳೆ ಕತ್ತಲ ರಾತ್ರಿ. ತಂಗಿ ಫೋನ್:
"ಮಾಳಿಗಿ ಹತ್ತು, ಬ್ಯಾಟರಿ ಬಿಡತೇನಿ."
ಹಳ್ಳದಾಚೆ ಒಂದು ಬೆಳಕು ಹತ್ತಿ, ಆರಿ, ಮತ್ತ ಹತ್ತಿತು.
ನಾನೂ ಹಚ್ಚಿದೆ.
"ಕೆಳಗ ಚೋಂಗೆ ಬೇಯಾಕ ಹತ್ಯಾವ, ವಾಸನಿ ಬಂತೇನು?"
ಬಂತು, ಅಂದೆ.
ಗಾಳಿ ಠೇಸನ್ನಿನ ಕಡೆ ಬೀಸತಿತ್ತು.